ಕುಬಸದ ಎರಡನೇ ಹೂರಣ

ನಾನು ಬಾಯಿ ಜೋರಿನ ಹೆಂಗಸು. ಇದನ್ನ ನಾನಽ ಮೊದಲು ಹೇಳಿಬಿಡ್ತೇನಿ, ಇಲ್ಲಂದ್ರ ಇಂಡಿಯೊಳಗ ನಮ್ಮ ಓಣಿಯವರು ಯಾರರೇ ಹೇಳೇ ಹೇಳ್ತಾರ. ಹಾಲಿನಾಗ ಕಸ ಸಿಕ್ಕಿತಂತ ಹಾಲಿನವನ ಮನಿ ಬಾಗಿಲಿಗೆ ಹೋಗಿ ಬೈದು ಬಂದಾಕಿ ನಾನು. ಖಾನಾವಳಿಯೊಳಗ ಪಲ್ಯಾದಾಗ ಕೂದಲಾ ಸಿಕ್ಕಾಗ ಮಾಲಕನ್ನ ಕರದು, ಉಣ್ಣಾಕ ಕುಂತ ಮಂದಿ ಮುಂದ ಆ ಕೂದಲಾ ಅವನ ಅಂಗೈ ಮ್ಯಾಲ ಇಟ್ಟು ಎದ್ದು ಬಂದೇನಿ. ನನ್ನ ಅಡಗಿಯೊಳಗ ಒಂದು ಹರಳು ಸಿಕ್ಕಿತು ಅಂತ ಮದಿವಿ ಆದ ಮೂವತ್ತು ವರ್ಷದಾಗ ಯಾರೂ ಅಂದಿರಲಿಲ್ಲ. ಆ ಸೊಕ್ಕು ನನಗ ಭಾಳ ಇತ್ತು.

ನಮಗ ಒಬ್ಬಾಕೇ ಮಗಳು. ಸಿಂದಗಿಗೆ ಕೊಟ್ಟೇವಿ. ಮದಿವಿ ಆಗಿ ನಾಲ್ಕು ವರ್ಷದಾಗ ಎರಡು ಸಲ ಆಕಿಯ ಬಸುರು ನಿಲ್ಲಲಿಲ್ಲ. ಮೊದಲನೇದು ಮೂರು ತಿಂಗಳಿಗೆ ಹೋತು. ಎರಡನೇದು ಐದು ತುಂಬಿದ ಮ್ಯಾಲ ಹೋತು. ಆ ಎರಡನೇದರ ಸಲುವಾಗಿ ನಾನು ನಮ್ಮ ಬೀಗತಿಯನ್ನ, ಅಂದ್ರ ಮಗಳ ಅತ್ತೀನ, ಮಾಫ ಮಾಡಿರಲಿಲ್ಲ. ಹೊಟ್ಟಿಲೆ ಇದ್ದಾಕೀನ ದುಡಿಸಿ ದುಡಿಸಿ ಕೂಸು ಕಳದಳು ಅಂತ ಕಂಡಕಂಡವರ ಮುಂದ ಆಡಿಕೊಂಡಿದ್ದೆ. ಬೀಗತಿಯ ಎದುರಿಗೆ ಮಾತ್ರ "ಹೌದ್ರಿ ಅಕ್ಕಾರ, ಬರ್ರಿ ಅಕ್ಕಾರ" ಅಂತ ನಗತಿದ್ದೆ.

ಹೋದ ಮಳಿಗಾಲಕ್ಕ ಮೂರನೇ ಬಸುರಿಗೆ ಒಂಬತ್ತು ತಿಂಗಳು ಹತ್ತಿತು. ಎಂಟು ದಾಟೋತನಕ ಎರಡೂ ಮನಿಯವರು ಉಸಿರು ಬಿಗಿಹಿಡಿದು ಕುಂತಿದ್ವಿ. ದಾಟಿದ ಮ್ಯಾಲೆ ಬೀಗರು ಕುಬಸ ಇಟ್ಟುಕೊಂಡ್ರು. ಹಸಿರು ಸೀರಿ ಉಡಿಸಿ, ಹಸಿರು ಕುಬಸ ತೊಡಿಸಿ, ಉಡಿ ತುಂಬಿ, ಬಸುರಿಗೆ ಬಯಕಿ ಊಟ ಉಣಿಸಬೇಕು; ಆ ಬುತ್ತಿ ತವರಮನಿಯಿಂದ ಹೋಗಬೇಕು; ಊಟ ಆದ ಮ್ಯಾಲ ಮಗಳನ್ನ ಹಡ್ಯಾಕ ಕರಕೊಂಡು ಬರಬೇಕು. "ಏನು ತರ್ಲಿ ನನ್ನವ್ವ?" ಅಂತ ಫೋನಿನಾಗ ಕೇಳಿದ್ರ, "ನಿನ್ನ ಕೈಯಾಗಿನ ಬೆಲ್ಲದ ಹೋಳಿಗಿ ಅಷ್ಟಽ ಸಾಕವ್ವ" ಅಂದಳು. ಅಷ್ಟ ಅಂದ್ರ ನಾ ಬಿಡಾಕಿಯೇನು? ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಕರ್ಚಿಕಾಯಿ, ಶೇಂಗಾ ಹೋಳಿಗಿ, ಕಡಬು ಎಲ್ಲಾ ಮಾಡಿದೆ. ಬೆಲ್ಲದ ಹೋಳಿಗಿ ಮಾತ್ರ ಬಿಸಿಬಿಸಿ ಇರಲಿ ಅಂತ ಹೊಂಡೋ ದಿನ ಮುಂಜಾನಿಗೆ ಇಟ್ಟುಕೊಂಡೆ.

ಬೆಲ್ಲದ ಪೆಂಟಿ ಗೊತ್ತಿರಬೇಕಲ್ಲ, ಸಂತ್ಯಾಗ ಸಿಗೋ ಕಿಲೋದ ದುಂಡನ ಗಟ್ಟಿ. ಮೊದಲು ಅದಕ್ಕ ಗೋಣಿತಟ್ಟು ಸುತ್ತಿರ್ತಿದ್ರು. ಮುದ್ದೇಬಿಹಾಳದ ತವರಮನ್ಯಾಗ ನಮ್ಮವ್ವ ಕಟ್ಟಿ ಮ್ಯಾಲ ಬೆಳಕಿಗೆ ಕುಂತು ಅದರ ನಾರು ಒಂದೊಂದ ಆರಿಸತಿದ್ದಳು. ಈಗ ತೆಳ್ಳನ ಪ್ಲಾಸ್ಟಿಕ್ ಸುತ್ತತಾರ. ಬ್ಯಾಸಿಗ್ಯಾಗ ಅದು ಸುಮ್ಮನ ಬಿಚ್ಚತೈತಿ. ಮಳಿಗಾಲದಾಗ ಬೆಲ್ಲ ನೀರೊಡೀತೈತಿ ನೋಡ್ರಿ, ಆಗ ಆ ಹಾಳಿ ಪೆಂಟಿಗೆ ಹತ್ತಿಕೊಂಡುಬಿಡತೈತಿ. ಐತೋ ಇಲ್ಲೋ ಕಣ್ಣಿಗೆ ತಿಳಿಯಂಗಿಲ್ಲ. ಬೆಳಕಿಗೆ ಹಿಡಿದು ಉಗುರಿಲೆ ಸುಲೀಬೇಕು. ನಾನು ಹಂಗಽ ಸುಲದು, ಮೊದಲನೇ ಹೂರಣ ಮಾಡಿ, ಅದನ್ನ ಹೂರಣದ ಯಂತ್ರಕ್ಕ ಹಾಕಿ ತಿರುವಿ, ಅರವತ್ತು ಹೋಳಿಗಿ ಬೇಯಿಸಿ ಬುಟ್ಟಿಗೆ ಹಾಕಿದ್ದೆ. ಓಣಿಯ ಇಬ್ಬರು ಹೆಂಗಸರು ಲಟ್ಟಿಸಾಕ ಬಂದಿದ್ರು.

ಏಳು ಗಂಟೆ ಸುಮಾರಿಗೆ ಬೀಗತಿ ಫೋನ್ ಬಂತು. "ಅಕ್ಕಾರ, ಮಂದಿ ಹೆಚ್ಚಾಗ್ಯಾರ್ರಿ. ಇನ್ನೊಂದು ನಲವತ್ತು ಹೋಳಿಗಿ ಹೆಚ್ಚಿಗಿ ತರ್ತೀರೇನ್ರಿ?"

"ಅದಕ್ಕೇನ್ರಿ ಅಕ್ಕಾರ, ತರ್ತೇನ್ರಿ" ಅಂದೆ. ಫೋನ್ ಇಟ್ಟ ಕೂಡ್ಲೆ ಬಾಯಿ ಬಿಚ್ಚಿದೆ. ಟೆಂಪೋ ಒಂಬತ್ತಕ್ಕ ಬರೋದೈತಿ, ಈಗ ಹೇಳತಾಳ, ಈಕಿ ಮನ್ಯಾಗ ಒಲಿ ಇಲ್ಲೇನು, ಕೈ ಇಲ್ಲೇನು, ಮಗಳನ್ನ ಕೊಟ್ಟೇವಂದ್ರ ಮನಿಮಂದೀನೆಲ್ಲ ಜೀತಕ್ಕ ಕೊಟ್ಟೇವೇನು ಅಂತ ಒಂದಽ ಸಮ ಬೈಕೋತ ಬ್ಯಾಳಿ ಇಟ್ಟೆ. ಬ್ಯಾಳಿ ಬೆಂದಿತು. ಕಟ್ಟು ಬಸದೆ. ಕಪಾಟಿನಾಗಿನ ಇನ್ನೊಂದು ಪೆಂಟಿ ತಗೊಂಡು ಇಡಿಯಾಗಿ ಆ ಬಿಸಿ ಬ್ಯಾಳ್ಯಾಗ ಹಾಕಿ ಮ್ಯಾಲ ಮುಚ್ಚಿದೆ. ಯಂತ್ರ ತೊಳದು ತಿರುವಾಕ ಹೊತ್ತಿರಲಿಲ್ಲ, ಮಿಕ್ಸರಿಗೆ ಹಾಕಿ ಗರ್ ಅನಿಸಿಬಿಟ್ಟೆ. ಇಷ್ಟೂ ಹೊತ್ತು ನನ್ನ ಬಾಯಿ ನಿಂತಿರಲಿಲ್ಲ. ಕೈ ಏನು ಮಾಡತೈತಿ ಅಂತ ಕಣ್ಣು ನೋಡಿರಲಿಲ್ಲ. ಆ ನಲವತ್ತು ಹೋಳಿಗೀನ ಬುಟ್ಟಿಯ ಮ್ಯಾಲ ಮ್ಯಾಲ ಇಟ್ಟು, ಬಟ್ಟಿ ಮುಚ್ಚಿ, ಟೆಂಪೋ ಹತ್ತಿದ್ವಿ.

ಸಿಂದಗಿಯ ಆ ಮನಿ ಪಡಸಾಲಿಯೊಳಗ ಹೆಂಗಸರು ಕಿಕ್ಕಿರಿದಿದ್ರು. ಮಗಳನ್ನ ಮಣಿ ಮ್ಯಾಲ ಕುಂಡ್ರಿಸಿದ್ರು. ತಲಿಗೆ ಮಲ್ಲಿಗಿ ದಂಡಿ, ಕೈತುಂಬ ಹಸರ ಬಳಿ. ಏನ ಹೇಳ್ಲಿ, ನನ್ನ ದೃಷ್ಟಿನಽ ತಾಕೀತು ಅನ್ನಿಸಿ ಕಣ್ಣು ಬ್ಯಾರೆ ಕಡೆ ಮಾಡಿದೆ. ಉಡಿ ತುಂಬಿದ್ರು, ಆರತಿ ಆತು, ಬುತ್ತಿ ಬಿಚ್ಚಿದ್ವಿ. ಬೀಗತಿ ತಾನಽ ಹೋಳಿಗಿ ಮುರಿದು, ತುಪ್ಪದಾಗ ಎದ್ದಿ, ಸೊಸಿ ಬಾಯಿಗೆ ತುತ್ತು ಹಾಕಾಕತ್ತಿದ್ಳು. ನಾನು ಈ ಕಡಿ ಪಂಕ್ತಿಗೆ ನೀಡಕೋತ ಬಂದೆ. ಹಲ್ಲಿಲ್ಲದ ಮುದುಕಿ ಒಬ್ಬಾಕಿ "ಅರ್ಧ ಸಾಕವ್ವ" ಅಂದಳು. ಅರ್ಧ ಮಾಡಾಕಂತ ಹೋಳಿಗಿ ಮುರದೆ.

ಎರಡು ತುಂಡು ಬ್ಯಾರೆ ಆಗಲಿಲ್ಲ. ನಡುವ ಒಂದು ಸಣ್ಣ ಎಳಿ ಉಳೀತು. ಜಗ್ಗಿದೆ, ಉದ್ದ ಆತು. ಬೆರಳಿಗೆ ಸುತ್ತಿ ನೋಡಿದೆ. ಪ್ಲಾಸ್ಟಿಕ್ಕು.

ಇನ್ನೊಂದು ಮುರದೆ. ಅದರಾಗ ಉಗುರಿನಷ್ಟು ಅಗಲದ್ದು, ಬೆಲ್ಲದ ಬಣ್ಣಕ್ಕ ತಿರುಗಿದ್ದು. ಆಗ ನೆನಪಾತು. ಮೊದಲನೇ ಪೆಂಟಿಯ ಸುಲದ ಹಾಳಿ ಕಟ್ಟಿ ಮ್ಯಾಲ ಬಿದ್ದಿತ್ತು. ಎರಡನೇದರ ಹಾಳಿ ನಾನು ಕಣ್ಣಿಲೆ ಕಂಡಽ ಇರಲಿಲ್ಲ.

ಮಗಳ ಕಡೆ ತಿರುಗಿದೆ. ಆಕಿ ಬಾಯಿ ಆಡಸಾಕತ್ತಿದ್ಳು. ಎಲಿ ಮ್ಯಾಲ ಒಂದು ಹೋಳಿಗಿ ಆಗಲೇ ಮುಗಿದಿತ್ತು, ಎರಡನೇದು ಬೀಗತಿ ಕೈಯಾಗಿತ್ತು. "ನಿಲ್ಲಸ್ರಿ" ಅನ್ನಾಕ ನಾನು ಎರಡು ಹೆಜ್ಜಿ ಮುಂದ ಹೋದೆ. ಬಾಯಿ ತಗದೂ ಆಗಿತ್ತು. ಅಷ್ಟರಾಗ ಬೀಗತಿ ತಲಿ ಎತ್ತಿ, ಇಡೀ ಪಡಸಾಲಿಗೆ ಕೇಳೋಹಂಗ ಅಂದಳು, "ಅಕ್ಕಾರ, ಹೋಳಿಗಿ ಎಷ್ಟ ಮಿದು ಆಗ್ಯಾವ್ರಿ! ನಿಮ್ಮ ಕೈ ಹದ ನಮಗ್ಯಾರಿಗೂ ಬರಂಗಿಲ್ಲ ನೋಡ್ರಿ."

ನಾಲ್ಕು ವರ್ಷದಾಗ ಆಕಿ ನನ್ನನ್ನ ಹೊಗಳಿದ್ದು ಅದಽ ಮೊದಲು. ಅಷ್ಟೂ ಹೆಂಗಸರು ನನ್ನ ಕಡೆ ನೋಡಿದ್ರು. ನಾನಂದೆ, "ನಿಮ್ಮ ಸೊಸಿ ಸಲುವಾಗೇ ಮಾಡೀನ್ರಿ ಅಕ್ಕಾರ."

ಥೂ ನನ್ನ ಬಾಳೇವಿಗೆ. ಹಾಲಿನವನ್ನ ಬೈದ ಬಾಯಿ, ಖಾನಾವಳಿಯವನ ಮಾನ ಕಳದ ಬಾಯಿ, ಅವತ್ತು ಅಷ್ಟಽ ಅಂದು ಮುಚ್ಚಿಕೊಂತು. ಬುಟ್ಟಿಯೊಳಗ ಉಳಿದ ಮ್ಯಾಲಿನ ಹೋಳಿಗೀನೆಲ್ಲ "ಇವು ಹಸೀ ಉಳದಾವ" ಅಂತ ನೆಪ ಹೇಳಿ ಒಂದು ಬಟ್ಟ್ಯಾಗ ಕಟ್ಟಿ ಬ್ಯಾರೆ ಇಟ್ಟೆ. ತಳದಾಗಿನ ಒಳ್ಳೇವನ್ನ ಮಂದಿಗೆ ನೀಡಿದೆ. ಮಂದೀನ ಉಳಿಸಿಕೊಂಡೆ. ಮಗಳ ಎಲಿ ಹತ್ತರ ಮಾತ್ರ ಹೋಗಲಿಲ್ಲ, ಯಾಕಂದ್ರ ಅಲ್ಲಿ ಬೀಗತಿ ಕುಂತಿದ್ಳು. ಮಗಳು ಎರಡನೇ ಹೋಳಿಗಿನೂ ಮುಗಿಸಿದಳು.

ಸಂಜೀಗೆ ಆಕೀನ ಕರಕೊಂಡು ಇಂಡಿಗೆ ಬಂದ್ವಿ. ಟೆಂಪೋದಾಗ ಆಕಿ ನನ್ನ ಹೆಗಲಿಗೆ ತಲಿ ಇಟ್ಟು ನಿದ್ದಿ ಹೋಗಿದ್ಳು. ಆಕಿ ಉಸಿರು ಎಣಿಸಿಕೋತ ಬಂದೆ.

ಮರುದಿನ ಆಕಿ ಜಳಕಕ್ಕ ಹೋದಾಗ ನಾನು ಹಿತ್ತಲದಾಗ ಕುಂತೆ. ತಿರುಗಿ ತಂದ ಹೋಳಿಗೀನೆಲ್ಲ ಬಿಚ್ಚಿದೆ, ಒಳಗಿನ ಹೂರಣ ಜರಡಿಗೆ ಹಾಕಿ ನೀರು ಬಿಟ್ಟೆ. ಪ್ಲಾಸ್ಟಿಕ್ಕಿನ ಚೂರು ಒಂದೊಂದ ಆರಿಸಿ ತಾಟಿನಾಗ ಜೋಡಿಸಿದೆ. ಕಪಾಟಿನಾಗ ಮೂರನೇ ಪೆಂಟಿ ಒಂದಿತ್ತು, ಅದರ ಹಾಳಿ ಸುಲದು ಬಾಜೂಕ ಹಾಸಿದೆ. ಎಷ್ಟು ಕಡಿಮಿ ಐತಿ ಅಂತ ನೋಡಬೇಕಾಗಿತ್ತು ನನಗ. ಅರ್ಧಕ್ಕಿಂತ ಹೆಚ್ಚು ಸಿಗಲಿಲ್ಲ. ಕೆಲವು ಚೂರು ಸುಟ್ಟು ಮುದುಡಿ ಸಾಸಿವಿಕಾಳಿನಷ್ಟು ಆಗಿದ್ವು. ಇನ್ನರ್ಧ ಯಾರ ಹೊಟ್ಟಿಗೆ ಹೋಗೇತಿ, ಅದರಾಗ ನನ್ನ ಮಗಳ ಪಾಲು ಎಷ್ಟು ಅಂತ ಹೆಂಗ ತಿಳೀಬೇಕು? ನಮ್ಮ ಮನಿಯವರು ಲಿಂಬಿಕಾಯಿ ಬಜಾರಕ್ಕ ಹೊಂಟವರು ಹಿತ್ತಲಕ್ಕ ಇಣುಕಿ, "ಏನಿದು, ಹಬ್ಬದ ಹೂರಣ ತೊಳ್ಯಾಕತ್ತೀಯಲ್ಲ?" ಅಂದ್ರು. "ನಿಮ್ಮ ಕೆಲಸ ನೋಡಿಕೋರಿ" ಅಂತ ಹರಿಹಾಯ್ದೆ. ಪಾಪ, ಅವರು ಚಪ್ಪಲಿ ಮೆಟ್ಟಿ ಹೋದ್ರು.

ನಮ್ಮ ಓಣಿಯೊಳಗ ಆಶಾ ಕಾರ್ಯಕರ್ತೆ ಒಬ್ಬಾಕಿ ಇದ್ದಾಳ. ಆಕಿ ಹತ್ತರ ಹೋಗಿ, "ನನ್ನ ಗುರ್ತಿನಾಕಿ ಒಬ್ಬಾಕಿ ಬಸುರಿ, ತಿಳೀದಽ ಪ್ಲಾಸ್ಟಿಕ್ ತುಂಡು ನುಂಗ್ಯಾಳಂತ, ಏನರೇ ಆಕ್ಕತೇನು?" ಅಂತ ಕೇಳಿದೆ. "ಸಣ್ಣದಿದ್ರ ಹೊರಗ ಹೋಗಿಬಿಡತೈತ್ರಿ, ಅಂಜಬ್ಯಾಡಂತ ಹೇಳ್ರಿ" ಅಂದಳು. "ಕಾದದ್ದು, ಕರಗಿದ್ದು ಇದ್ರ?" ಅಂದೆ. ಆಕಿ ನನ್ನ ಮಾರಿ ನೋಡಿ, "ದಿನಾ ತಿಂದ್ರ ಛಲೋ ಅಲ್ಲ. ಒಮ್ಮೆ ಆದದ್ದಕ್ಕ ಏನೂ ಆಗಂಗಿಲ್ಲ. ಬೇಕಾದ್ರ ಡಾಕ್ಟರ ಬಾಯಾರಿಗೆ ತೋರಸ್ರಿ" ಅಂದಳು. ಡಾಕ್ಟರಿಗೆ ತೋರಸಬೇಕಂದ್ರ ಮಗಳಿಗೆ ಹೇಳಬೇಕು. ಮಗಳಿಗೆ ಹೇಳಿದ್ರ ಅಳಿಯನ ಕಿವಿಗೆ ಹೋಗತೈತಿ, ಅಲ್ಲಿಂದ ಬೀಗತಿಗೆ. ನಾನು ತಿರುಗಿ ಮನಿಗೆ ಬಂದೆ.

ಆಮ್ಯಾಲಿನ ಹನ್ನೊಂದು ದಿನ ನಾನು ಹೆಂಗ ಕಳದೆ ಅಂತ ನನಗಽ ಗೊತ್ತು. ಆಕಿ ಕೆಮ್ಮಿದ್ರ ನನ್ನ ಕೈಯಾಗಿನ ಸೌಟು ನಿಲ್ಲತಿತ್ತು. ಬಚ್ಚಲದಾಗ ಹೆಚ್ಚು ಹೊತ್ತು ಇದ್ರ ಬಾಗಿಲ ಹೊರಗ ನಿಲ್ಲತಿದ್ದೆ. ಆಕಿ ಹೊಟ್ಟಿ ಮ್ಯಾಲ ಕೈ ಇಟ್ಟುಕೊಂಡು ಕುಂತಿದ್ದನ್ನ ಕಂಡ್ರ ಕೆಲಸ ಬಿಟ್ಟು ಆಕಿ ಎದುರಿಗೆ ಬಂದು ಕುಂಡ್ರತಿದ್ದೆ. ಆದ್ರ "ನೋವೈತೇನವ್ವ?" ಅಂತ ಒಂದು ಮಾತು ಕೇಳಲಿಲ್ಲ. ಕೇಳಿದ್ರ "ಯಾಕವ್ವ?" ಅಂತಾಳ, ಅವಾಗ ಹೇಳಬೇಕಾಕ್ಕತಿ. ಅದರ ಬದಲಿ ಸಣ್ಣಪುಟ್ಟದ್ದಕ್ಕ ಬೈತಿದ್ದೆ: ಉಣವಲ್ಲಿ ಯಾಕ, ಹೊರಸಿನ ಮ್ಯಾಲ ಹಂಗ್ಯಾಕ ಕುಂತಿ, ಮೊಬೈಲ ಕೆಳಗಿಡು. ಹಡ್ಯಾಕ ಬಂದ ಮಗಳನ್ನ ಬೈಯೋ ತಾಯಿ ಅಂತ ಬಾಜೂ ಮನಿಯಾಕಿ ಮೂಗು ಮುರದ್ಳು.

ಹನ್ನೆರಡನೇ ದಿನ ಮಧ್ಯಾಹ್ನ ಆಕಿ ಮುಂದ ಬಿಸಿ ರೊಟ್ಟಿ, ಹೆಸರಕಾಳಿನ ಪಲ್ಯಾ ಇಟ್ಟೆ. ಆಕಿ ತುಂಡು ಮುರಿದು ತಾಟಿನಾಗ ಆ ಕಡೆ ಈ ಕಡೆ ದೂಡಿಕೋತ ಕುಂತಳು. "ಉಣ್ಣು" ಅಂತ ಒದರಿದೆ. ಆಕಿ ಬೆದರಿ ತುಂಡು ಬಾಯಿಗೆ ಇಟ್ಟುಕೊಂಡಳು. ಬ್ಯಾಡಾದ್ರೂ ನುಂಗಿದಳು, ಗಂಟಲದಾಗ ಇಳಿದದ್ದು ನನಗ ಕಾಣಿಸ್ತು. ಆಕಿ ಎದುರಿಗೆ ನೆಲಕ್ಕ ಕುಂತು ಹೇಳೇಬಿಟ್ಟೆ.

"ಅವ್ವಿ, ಕುಬಸದ ದಿನ ನೀ ತಿಂದ ಹೋಳಿಗ್ಯಾಗ ಪ್ಲಾಸ್ಟಿಕ್ ಇತ್ತು. ಬೆಲ್ಲದ ಪೆಂಟೀದು. ನಾ ಸುಲೀದಽ ಹಾಕಿದ್ದೆ. ಅಲ್ಲೇ ಗೊತ್ತಾತು, ಆದ್ರೂ ನಿನಗ ಹೇಳಲಿಲ್ಲ."

ಆಕಿ ತಾಟಿನಿಂದ ತಲಿ ಎತ್ತಲಿಲ್ಲ. "ಗೊತ್ತೈತವ್ವ" ಅಂದಳು.

"ಏನು ಗೊತ್ತೈತಿ?"

"ನನ್ನ ಬಾಯಾಗ ಬಂದಿತ್ತು. ಇಷ್ಟುದ್ದ." ಬೆರಳಿನ ಒಂದು ಗೆಣ್ಣು ತೋರಿಸಿದಳು. "ಎರಡನೇ ಹೋಳಿಗಿಯ ಮೊದಲ ತುತ್ತಿನಾಗನ ಹಲ್ಲಿಗೆ ಸಿಕ್ತು. ದವಡ್ಯಾಗ ಇಟ್ಟುಕೊಂಡಿದ್ದೆ. ಅತ್ತಿ ಇನ್ನೊಂದು ತುತ್ತು ಹಾಕಿದ್ರು. ನುಂಗಿದೆ."

"ಉಗುಳಬೇಕಿಲ್ಲೇನ ಹುಚ್ಚಿ? ಉಗುಳಾಕ ಏನಾಗಿತ್ತು ನಿನಗ?"

"ಉಗುಳಬೇಕಂತ ನಿನ್ನ ಕಡೆ ನೋಡಿದೆ. ನಿನ್ನ ಕೈಯಾಗೂ ಅದಽ ಇತ್ತು. ಬೆರಳಿಗೆ ಸುತ್ತಿಕೊಂಡು ನಿಂತಿದ್ದಿ. ಅತ್ತಿ ನಿನ್ನ ಹೊಗಳಿದ್ರು, ನೀ ನಕ್ಕಿ." ಆಕಿ ದನಿಯೊಳಗ ಸಿಟ್ಟು ಇರಲಿಲ್ಲ. "ನೀ ಸುಮ್ಮನಿದ್ದಿ ಅಂದ್ರ ನಾನೂ ಸುಮ್ಮನಿರಬೇಕು ಅಂತ ತಿಳಕೊಂಡೆ."

ನನಗ ಅಳು ಬರಲಿಲ್ಲ. ಮಾರಿ ಮ್ಯಾಲ ಹೊಡದಿದ್ರ ಛಲೋ ಇತ್ತು ಅನ್ನಿಸ್ತು. "ಅಷ್ಟಕ್ಕಽ ಯಾರರೇ ಜೀವದ ಮ್ಯಾಲ ಎಳಕೋತಾರೇನ ಯವ್ವ" ಅಂದೆ. ಆಕಿ, "ಹೋದ ಸಲಾನೂ ಹಂಗಽ ಆತಲ್ಲ" ಅಂದಳು.

ಹೋದ ಸಲ ಏನಾತು ಅಂತ ನಾ ಕೇಳಿದೆ. ನನಗ ಖರೇನಽ ನೆನಪಿರಲಿಲ್ಲ. ಆಕಿ ನೆನಪು ಮಾಡಿಕೊಟ್ಟಳು. ಐದು ತಿಂಗಳಿದ್ದಾಗ, ಮೈದುನನ ಮದಿವಿ ನಿಶ್ಚೆದ ಹಿಂದಿನ ದಿನ, ಕಿಬ್ಬೊಟ್ಟಿ ನೋವಂತ ನನಗ ಫೋನ್ ಮಾಡಿದ್ದಳು. ಅತ್ತಿಗೆ ಹೇಳ್ಲೇನು ಅಂತ ಕೇಳಿದ್ದಳು. ನಾನು ಮಾಳಿಗಿ ಮ್ಯಾಲ ಶ್ಯಾವಿಗಿ ಒಣಗಿಸಾಕತ್ತಿದ್ದೆ. "ನಾಳೆ ಮನ್ಯಾಗ ಕಾರ್ಯ ಇಟ್ಟುಕೊಂಡು ಇವತ್ತು ಮಲಕೊಂತೇನಂದ್ರ ಮಂದಿ ಏನಂತಾರ? ತಾಯಿ ಹಿಂಗಽ ಕಲಿಸ್ಯಾಳಂತಾರ. ನಾವೇನು ಹಡದಿಲ್ಲೇನು? ಬಾಯಿ ಮುಚ್ಚಿಕೊಂಡು ಕಾರ್ಯ ಮುಗಸು" ಅಂದಿದ್ದೆ. ಆಕಿ ಹೇಳಾಕತ್ತಿದ್ದಂಗ ಆ ಬಿಸಿಲು, ಆ ಶ್ಯಾವಿಗಿ, ನನ್ನ ದನಿ ಎಲ್ಲಾ ನೆನಪಾತು. ಹೌದು, ಅಂದಿದ್ದೆ.

"ಅತ್ತಿಗೆ ಗೊತ್ತಽ ಇರಲಿಲ್ಲವ್ವ" ಅಂದಳು. "ಕಾರ್ಯ ಮುಗಿದ ಮರುದಿನ ರಕ್ತ ಕಂಡು ಅವರಽ ಎತ್ತಿಕೊಂಡು ದವಾಖಾನಿಗೆ ಓಡಿದ್ರು. ಮೊದಲ ಹೇಳಿದ್ರ ಮೊದಲಽ ಒಯ್ತಿದ್ರೇನೋ."

ಎರಡು ವರ್ಷ ನಾನು ಆ ತಪ್ಪನ್ನ ಆ ಹೆಂಗಸಿನ ಮ್ಯಾಲ ಹಾಕಿದ್ದೆ. ಊರ ತುಂಬ ಹೇಳಿಕೊಂಡು ತಿರುಗಿದ್ದೆ. ಅದರ ಮಾತು ಆಮ್ಯಾಲ. ಆ ಹೊತ್ತಿಗೆ ನನಗ ಬ್ಯಾರೇದಽ ಅಂಜಿಕಿ ಹತ್ತಿತು. ಆಕಿ ಎರಡೂ ಕೈ ಹಿಡಕೊಂಡೆ.

"ಮತ್ತೇನು ಹೇಳಿಲ್ಲ ನೀ ನನಗ? ನಾ ಬೈಯಂಗಿಲ್ಲ. ನಿನ್ನಾಣಿ, ಬೈಯಂಗಿಲ್ಲ. ಹೇಳು."

ಆಕಿ ನನ್ನ ಕೈ ಬಿಡಿಸಿಕೊಂಡು ಹೊಟ್ಟಿ ಮ್ಯಾಲ ಇಟ್ಟುಕೊಂಡಳು. "ಮುಂಜಾನಿಯಿಂದ ಕೂಸು ಮಿಸುಕವಲ್ದವ್ವ" ಅಂದಳು.

ಅಯ್ಯ ಶಿವನ! ಎದ್ದವಳು ಹೆಂಗ ಎದ್ದೆ, ಮನಿಯವರಿಗೆ ಫೋನಿನಾಗ ಏನು ಒದರಿದೆ, ಒಂದೂ ನೆನಪಿಲ್ಲ. ಅವರು ಲಿಂಬಿಕಾಯಿ ಹೇರೋ ಗಾಡಿನಽ ಹೊಡಕೊಂಡು ಬಂದ್ರು. ಮುಂದಿನ ಸೀಟಿನಾಗ ಮೂವರೂ ಒತ್ತಿಕೊಂಡು ಕುಂತ್ವಿ. ನನ್ನ ಕೈಗೆ ಇನ್ನೂ ಹಿಟ್ಟು ಹತ್ತಿತ್ತು. ದವಾಖಾನ್ಯಾಗಿನ ಹೆಣ್ಣು ಡಾಕ್ಟರು, ಬಾಯಾರು, ಮಗಳನ್ನ ಮಲಗಿಸಿ, ಮಷಿನ್ ಹಚ್ಚಿ, ಭಾಳ ಹೊತ್ತು ಹುಡುಕಿದ್ರು. ಆಮ್ಯಾಲ ಸಣ್ಣಗ ಟಕ್ ಟಕ್ ಕೇಳಿಸ್ತು. ಐತಿ, ಜೀವ ಐತಿ. ಆದ್ರ ಬಾಯಾರು ನಗಲಿಲ್ಲ.

"ಯಾವಾಗಿನಿಂದ ಮಿಸುಕಾಟ ಇಲ್ಲ?" ಅಂತ ಕೇಳಿದ್ರು.

"ಮುಂಜಾನಿಯಿಂದ್ರಿ" ಅಂದಳು ಮಗಳು.

ನಾನು ಆಕಿ ಮಾರಿ ನೋಡಿದೆ. ಆಕಿ ಛತ್ತಿನ ಕಡೆ ನೋಡಾಕತ್ತಿದ್ದಳು. "ಖರೇ ಹೇಳು ನನ್ನವ್ವ" ಅಂದೆ. ಆಕಿ ಕಣ್ಣಿಂದ ನೀರು ಕಿವಿಯೊಳಗ ಇಳೀತು. "ನಿನ್ನೆ ಮಧ್ಯಾಹ್ನದಿಂದ" ಅಂದಳು.

ಒಳಗ ನೀರು ಕಡಿಮಿ ಆಗೇತಿ, ಕೂಸಿನ ಎದಿಬಡಿತ ಇಳ್ಯಾಕತ್ತೈತಿ, ಈಗಿಂದೀಗ ಆಪರೇಷನ್ ಮಾಡಬೇಕು ಅಂದ್ರು ಬಾಯಾರು. ಕಾಗದಕ್ಕ ಮನಿಯವರು ಸಹಿ ಮಾಡಿದ್ರು. ನಾನು ಬಾಯಾರ ಹಿಂದ ಓಡಿ, ನಾಚಿಕಿ ಬಿಟ್ಟು ಹೋಳಿಗಿ ವಿಷಯ ಹೇಳಿದೆ. ಅವರು ಕೈಗವಸು ಹಾಕಿಕೊಳ್ಳಾಕತ್ತವರು ಒಂದು ಕ್ಷಣ ನಿಂತು, "ಅದಕ್ಕೂ ಇದಕ್ಕೂ ಸಂಬಂಧ ಇಲ್ಲವ್ವ, ಅದನ್ನ ತಲ್ಯಾಗಿಂದ ತಗೀರಿ" ಅಂದು ಒಳಗ ಹೋದ್ರು. ಹನ್ನೆರಡು ದಿನ ಆ ಒಂದು ಮಾತಿಗೆ ಕಾದಿದ್ದೆ. ಅದು ಸಿಕ್ಕಾಗ ನನಗ ಏನೂ ಸಮಾಧಾನ ಆಗಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಸಣ್ಣದು, ಅಂಗೈಯಷ್ಟಽ ಮಾರಿ. ಎರಡು ದಿನ ಗಾಜಿನ ಪೆಟ್ಟಿಗ್ಯಾಗ ಇಟ್ಟಿದ್ರು, ಆಮ್ಯಾಲ ತಾಯಿ ಬಾಜೂಕ ಕೊಟ್ರು. "ಇನ್ನೊಂದು ದಿನ ತಡ ಮಾಡಿದ್ರ..." ಅಂತ ಬಾಯಾರು ಶುರು ಮಾಡಿದ್ರು, ನನ್ನ ಮಾರಿ ನೋಡಿ ಅಲ್ಲಿಗೇ ಬಿಟ್ರು. ಆ ಪ್ಲಾಸ್ಟಿಕ್ಕಿನಿಂದಽ ಕೂಸು ಉಳೀತು, ಅದು ಆಗದಿದ್ರ ನೀ ಕೇಳತಿದ್ದಿಲ್ಲ, ಆಕಿ ಹೇಳತಿದ್ದಿಲ್ಲ ಅಂತ ನಮ್ಮ ಮನಿಯವರು ಒಂದು ಸಲ ಅಂದ್ರು. ಇನ್ನೊಮ್ಮೆ ಹಂಗ ಅನಬ್ಯಾಡ್ರಿ ಅಂದೆ. ಮಗಳ ಹತ್ತರ ಒಂದು ಮಾತು ಕೇಳಾಕ ತಾಯಿಗೆ ಅಂಥಾದ್ದೊಂದು ಆಗಬೇಕೇನು?

ಬೀಗತಿ ಕೂಸು ಹುಟ್ಟಿದ ಮರುದಿನ ಸಿಂದಗಿಯಿಂದ ಬಂದಳು. ವಾರ್ಡಿನ ಹೊರಗ ಬಾಕಿನ ಮ್ಯಾಲ ಆಕೀನ ಕುಂಡ್ರಿಸಿ ಎರಡೂ ಹೇಳಿದೆ: ಹೋಳಿಗೀದೂ ಹೇಳಿದೆ, ಶ್ಯಾವಿಗಿ ಒಣಗಿಸೋ ದಿನದ ಫೋನಿಂದೂ ಹೇಳಿದೆ. ಆಕಿ ಸೆರಗಿನ ತುದಿ ಬೆರಳಿಗೆ ಸುತ್ತಿಕೋತ ಕೇಳಿದಳು.

"ಹೋಳಿಗೀದು ಬಿಡ್ರಿ" ಅಂದಳು. "ಎಲ್ಲಾರ ಕೈಲೂ ಆಗತೈತಿ. ಆದ್ರ ಅಕ್ಕಾರ, ಎರಡು ವರ್ಷ ನೀವು ಮಂದಿ ಮುಂದ ಏನೇನು ಅಂದ್ರಿ, ಅದೆಲ್ಲಾ ನನ್ನ ಕಿವಿಗೆ ಬಂದಿತ್ರಿ. ಹೌದೇನೋ, ನನ್ನಿಂದಽ ಹೋತೇನೋ ಅಂತ ನಾನೂ ನಂಬಿದ್ದೆ."

ತಪ್ಪಾತ್ರಿ ಅಂದೆ. ಆಕಿ ಎದ್ದು ಒಳಗ ಹೋಗಿ ಮೊಮ್ಮಗಳ ಪೆಟ್ಟಿಗಿ ಹತ್ತರ ಕುಂತಳು. ಅವತ್ತಿನಿಂದ ನನ್ನ ಕೂಡ ಕೆಲಸಕ್ಕ ಬೇಕಾದಷ್ಟಽ ಮಾತಾಡತಾಳ, ಅದು ಆಕಿ ಹಕ್ಕು.

ಬಾಣಂತನಕ್ಕ ಮಗಳನ್ನ ಮನಿಗೆ ಕರಕೊಂಡು ಬಂದೆ. ದಿನಾ ಮುಂಜಾನಿ ಕೂಸಿನ ಎಣ್ಣಿನೀರು ಆದ ಮ್ಯಾಲ, "ಎಲ್ಲೆರೇ ನೋವೈತೇನವ್ವ?" ಅಂತ ಕೇಳತಿದ್ದೆ. ಆಕಿ "ಇಲ್ಲವ್ವ, ಆರಾಮ ಇದ್ದೇನಿ" ಅಂತ ನಗತಿದ್ದಳು. ಬೈಯದಽ ಕೇಳಾಕ ಕಲತೆ ಅಂತ ನನಗ ಸಣ್ಣ ಹೆಮ್ಮಿನೂ ಬಂದಿತ್ತು. ಹದಿನೈದನೇ ದಿನ ಆಕಿ ಕೂಸಿಗೆ ಹಾಲು ಕುಡಸಾಕಂತ ಹೊರಳಿದಾಗ ತುಟಿ ಕಚ್ಚಿದ್ದು ಕಂಡೆ. ಕೇಳಿದೆ. ಏನಿಲ್ಲ ಅಂದಳು. ಹೊರಸಿನ ಮ್ಯಾಲ ಕುಂತು ಮತ್ತ ಕೇಳಿದೆ. ಮೈ ಹಿಡದೈತಿ ಅಂದಳು. ಕೂಸನ್ನ ನನ್ನ ತೊಡಿ ಮ್ಯಾಲ ಹಾಕಿಕೊಂಡು, ಅಲ್ಲಿಂದ ಏಳದಽ ಮೂರನೇ ಸಲ ಕೇಳಿದೆ. ಆಕಿ ಸೀರಿ ಸರಿಸಿ ತೋರಿಸಿದಳು. ಹೊಲಿಗಿ ಹಾಕಿದಲ್ಲೆ ಕೆಂಪಗಾಗಿ ಕೀವು ಬರಾಕತ್ತಿತ್ತು. ಯಾವಾಗಿನಿಂದ ಅಂದೆ.

"ನಾಲ್ಕು ದಿನ ಆತವ್ವ" ಅಂದಳು.

ಆ ನಾಲ್ಕು ದಿನಾನೂ ನಾನು ಒಂದೊಂದಽ ಸಲ ಕೇಳಿ ಒಳಗ ಹೋಗಿದ್ದೆ.